ಡಿಟಿಟಿಯೋ, ಬಿಎಂಇಯೋ, ಟಿಸೆಪ್ಪೋ? ಕೊಕೋಸಿನ್ ಹೇಳಿದ್ದು

ಕಾಸರಗೋಡಿನಲ್ಲಿ ಪ್ರೋಟೀನ್ ಕೆಲಸ ಮಾಡುವವರಿಗೆ ತೆಂಗಿನಕಾಯಿಗೆ ಬರವಿಲ್ಲ. ಕಾಯಿಯ ಮುಖ್ಯ ಪ್ರೋಟೀನ್ ಕೊಕೋಸಿನ್. ಅದರ ಒಂದೊಂದು ಘಟಕದ ತೂಕ ಸುಮಾರು 55 ಕಿಲೋಡಾಲ್ಟನ್. ಅದರೊಳಗಿನ ಎರಡು ಸರಪಳಿಗಳನ್ನು ಡೈಸಲ್ಫೈಡ್ ಬಂಧ, ಅಂದರೆ ಎರಡು ಗಂಧಕಗಳ ಕೊಂಡಿ, ಹಿಡಿದಿಟ್ಟಿರುತ್ತದೆ. ಬಂಧ ಕಡಿದರೆ, ಪ್ರೋಟೀನನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ 55ರ ಪಟ್ಟಿ ಹೋಗಿ 34 ಮತ್ತು 24ರ ಆಸುಪಾಸಿನಲ್ಲಿ ಎರಡು ಪಟ್ಟಿ ಕಾಣುತ್ತವೆ. ಇಂಥ ಬಂಧ ಕಡಿಯುವ ರೆಡ್ಯೂಸಿಂಗ್ ಏಜೆಂಟ್‌ಗಳಾದ ಡಿಟಿಟಿ (ಡೈಥಯೋಥ್ರೈಟಾಲ್), ಬಿಎಂಇ (ಬೀಟಾ-ಮರ್ಕಾಪ್ಟೋಎಥನಾಲ್), ಟಿಸೆಪ್ ಇವುಗಳಲ್ಲಿ ಯಾವುದು ಎಲ್ಲಿ ಸೋಲುತ್ತದೆ ಎಂದು ನೋಡಲು ಇಷ್ಟು ಸಾಕು ಅಲ್ವಾ?

ಉಪ್ಪು, ಯೂರಿಯಾ ಇದ್ದ ಬಫರನ್ನು ಪಿಎಚ್ 5.5, 7.5, 8.5ರಲ್ಲಿ ಮಾಡಿಕೊಂಡೆ. ಮೂರಕ್ಕೂ ಮೂರು ಏಜೆಂಟ್. ಒಂದು ಪಾಲು ಆಗಷ್ಟೇ ಕಲಸಿದ್ದು, ಇನ್ನೊಂದು ರಾತ್ರಿಯಿಡೀ ಬೆಂಚಿನ ಮೇಲೆ ಇಟ್ಟದ್ದು. ಎರಡಕ್ಕೂ ಕೊಕೋಸಿನ್ ಸೇರಿಸಿ, ಜೆಲ್‌ಗೆ ಹಾಕುವ ಮೊದಲು ಉಳಿದ ಏಜೆಂಟನ್ನು ಕಟ್ಟಿಹಾಕುವ ಎನ್-ಎಥೈಲ್‌ಮ್ಯಾಲಿಮೈಡ್ ಧಾರಾಳವಾಗಿ ಹಾಕಿ ಕ್ರಿಯೆ ನಿಲ್ಲಿಸಿದೆ. ಇಲ್ಲದಿದ್ದರೆ ಸ್ಯಾಂಪಲ್ ಬಫರಿನಲ್ಲೇ ಬಂಧ ಕಡಿದು ಲೆಕ್ಕ ತಪ್ಪುತ್ತದೆ.

8.5ರಲ್ಲಿ ಹೊಸ ಡಿಟಿಟಿ ಚುರುಕು. ಆದರೆ ರಾತ್ರಿ ಇಟ್ಟದ್ದರಲ್ಲಿ 55ರ ಪಟ್ಟಿ ಹಾಗೇ ಉಳಿದಿತ್ತು. ಅಚ್ಚರಿಯೇನಿಲ್ಲ. ಡಿಟಿಟಿ ಕೆಲಸ ಮಾಡುವುದು ಅದರ ಥಯೋಲೇಟ್ ರೂಪದಲ್ಲಿ, ಅಂದರೆ ಗಂಧಕದ ಮೇಲಿನ ಹೈಡ್ರೋಜನ್ ಅಯಾನು ಕಳಚಿದ ಮೇಲೆ. ಪಿಕೆಎ (ಅರ್ಧದಷ್ಟು ಹೀಗೆ ಕಳಚುವ ಪಿಎಚ್) 9.2 ಆದ ಕಾರಣ ಪಿಎಚ್ ಏರಿದಷ್ಟೂ ಆ ರೂಪ ಜಾಸ್ತಿ, ಗಾಳಿಯ ಆಮ್ಲಜನಕಕ್ಕೂ ಅದೇ ಬೇಗ ಸಿಗುತ್ತದೆ. 20 ಡಿಗ್ರಿಯಲ್ಲಿ ಅದರ ಅರ್ಧಾಯುಷ್ಯ ಪಿಎಚ್ 6.5ರಲ್ಲಿ 40 ಗಂಟೆ, 7.5ರಲ್ಲಿ 10 ಗಂಟೆ, 8.5ರಲ್ಲಿ ಬರೇ 1.4 ಗಂಟೆ. ಅದೂ 20 ಡಿಗ್ರಿಯ ಲೆಕ್ಕ, ಮಾರಾಯ್ರೇ! ಏಪ್ರಿಲ್‌ನಲ್ಲಿ ಕರೆಂಟು ಹೋದ ನಮ್ಮ ಲ್ಯಾಬಿನದ್ದಲ್ಲ. 40 ಡಿಗ್ರಿಯಲ್ಲಿ 8.5ರ ಡಿಟಿಟಿ ಅರ್ಧಕ್ಕಿಳಿಯಲು ಹನ್ನೆರಡು ನಿಮಿಷ ಸಾಕು. ತಾಮ್ರ, ಕಬ್ಬಿಣದ ಅಯಾನು ಸೇರಿದರೆ ಇನ್ನೂ ಬೇಗ. ಆ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಸ್ವಲ್ಪ ಹಾಕಿದರೆ ತುಸು ತಡೆಯುತ್ತದೆ.

5.5ರಲ್ಲಿ ಕಥೆ ತಿರುಗಾಮುರುಗಾ. ಡಿಟಿಟಿ ಹಾಳಾಗುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಅಲ್ಲಿ ಥಯೋಲೇಟ್ ಸಾವಿರದಲ್ಲಿ ಒಂದು ಪಾಲೂ ಇರದು. ಬಿಎಂಇಯದ್ದೂ ಅದೇ ಪಾಡು. ಟಿಸೆಪ್ ಹಾಕಿದ ಕಡೆ ಮಾತ್ರ ಎರಡು ಪಟ್ಟಿ ಸ್ಪಷ್ಟವಾಗಿ ಬಂದವು. ಅದು ಫಾಸ್ಫೀನ್ (ರಂಜಕದ ಸಂಯುಕ್ತ), ಉಳಿದೆರಡರಂತೆ ಗಂಧಕದ ಥಯೋಲ್ ಅಲ್ಲ, ಹಾಗಾಗಿ ಥಯೋಲೇಟ್ ರೂಪ ಬೇಕಿಲ್ಲ. ಪಿಎಚ್ 1.5ರಿಂದ 8.5ರವರೆಗೂ ನಡೆಯುತ್ತದೆ. ಆಮ್ಲೀಯ ಬಫರಿಗೆ ನನ್ನ ಆಯ್ಕೆ ಅದೊಂದೇ, ಬೆಲೆ ಎಷ್ಟೇ ಇರಲಿ.

ಹಾಗಂತ ಕಣ್ಣು ಮುಚ್ಚಿ ಸುರಿಯಬೇಡಿ. ಟಿಸೆಪ್‌ನ ಹೈಡ್ರೋಕ್ಲೋರೈಡ್ ಪುಡಿ ನೀರಿಗೆ ಬಿದ್ದರೆ ಪಿಎಚ್ 2.5ರ ಹತ್ತಿರ ಇಳಿಯುತ್ತದೆ. ಸ್ಟಾಕನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಸರಿಮಾಡಿಕೊಂಡೇ ಬಳಸಬೇಕು. ಫಾಸ್ಫೇಟ್ ಬಫರ್, ಅದೂ ತಟಸ್ಥ ಪಿಎಚ್‌ನಲ್ಲಿ, ಅದಕ್ಕೆ ಆಗಿಬರುವುದಿಲ್ಲ. ಕೆಲವೇ ದಿನಗಳಲ್ಲಿ ಕೆಟ್ಟುಹೋಗುತ್ತದೆ. ಟ್ರಿಸ್ ಅಥವಾ ಹೆಪೆಸ್ ಬಫರ್ ಹಿಡಿಯಿರಿ.

ಬಿಎಂಇ ಅಗ್ಗ, ಡಿಟಿಟಿಗಿಂತ ನಿಧಾನ ಕೆಡುತ್ತದೆ. 8.5ರಲ್ಲಿ ಅದರ ಅರ್ಧಾಯುಷ್ಯ 4 ಗಂಟೆ. ಬಲ ಮಾತ್ರ ಕಡಿಮೆ, ಜಾಸ್ತಿ ಹಾಕಬೇಕು. ವಾಸನೆಯ ಬಗ್ಗೆ ಹೇಳಬೇಕೇ? ಫ್ಯೂಮ್ ಹುಡ್ ಹೊರಗೆ ಬಾಟಲಿ ತೆರೆದರೆ ಪಕ್ಕದ ಕೋಣೆಯವರು ಜಗಳಕ್ಕೆ ಬರುತ್ತಾರೆ.

7.5ರಲ್ಲಿ ಅದೇ ದಿನ ಮುಗಿಯುವ ಕೆಲಸವಾದರೆ ನಾನು ಡಿಟಿಟಿಯನ್ನೇ ಹಿಡಿಯುತ್ತೇನೆ, ಬೆಳಿಗ್ಗೆ ತೂಗಿ ಹಾಕಿದ್ದು. ಡಯಾಲಿಸಿಸ್ (ಪೊರೆಯ ಚೀಲದಲ್ಲಿಟ್ಟು ಬಫರ್ ಬದಲಿಸುವುದು) ರಾತ್ರಿ ಪೂರ್ತಿ ಇದ್ದರೆ ಟಿಸೆಪ್. ಪ್ರೋಟೀನಿಗೆ ಹಿಸ್ಟಿಡಿನ್ ಟ್ಯಾಗ್ ಜೋಡಿಸಿ, ಅದನ್ನು ಹಿಡಿಯುವ ನಿಕಲ್ ಕಾಲಮ್‌ನಲ್ಲಿ ಶುದ್ಧಮಾಡುವವರು ಡಿಟಿಟಿಯನ್ನು ದೂರವಿಡಿ, ಕಾಲಮ್ಮಿನ ರೆಸಿನ್ ಕಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಸ್ವಲ್ಪವೇ ಬಿಎಂಇ ಅಥವಾ ಟಿಸೆಪ್ ನಡೆಯುತ್ತದೆ.