ಪ್ರಾಗ್‌ನಲ್ಲಿ ಯೂರೋ ಬದಲಾಯಿಸುವ ಮುನ್ನ ಈ ಮೂರು ಗಂಟೆಯ ಕಾನೂನನ್ನು ತಿಳಿದುಕೊಳ್ಳಿ

ಪ್ರಾಗ್ ಪ್ರವಾಸಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಿ. ಅಲ್ಲಿನ ಹಣ ವಿನಿಮಯದ ಅಂಗಡಿಯಲ್ಲಿ ನೀವು ನೋಟು ಬದಲಾಯಿಸಿದರೆ, ಮೂರು ಗಂಟೆಯೊಳಗೆ ಅದೇ ಅಂಗಡಿಗೆ ಹೋಗಿ, ಯಾವ ಕಾರಣವನ್ನೂ ಕೊಡದೆ, ಆ ವ್ಯವಹಾರವನ್ನು ರದ್ದುಪಡಿಸಿ ನಿಮ್ಮ ಹಣವನ್ನು ಹಿಂದಕ್ಕೆ ಪಡೆಯಬಹುದು. 2019ರ ಏಪ್ರಿಲ್ 1ರಿಂದ ಜೆಕ್ ದೇಶದಲ್ಲಿ ಇದು ಕಾನೂನು. ಒಂದು ಸಾವಿರ ಯೂರೋ ಮೌಲ್ಯದವರೆಗಿನ ವಿನಿಮಯಕ್ಕೆ ಇದು ಅನ್ವಯಿಸುತ್ತದೆ. ಇದು ನಮಗೆ ಗೊತ್ತಾಗುವ ಹೊತ್ತಿಗೆ ಮೂರು ಗಂಟೆ ಮುಗಿದಿತ್ತು. ಈ ಕಾನೂನು ಚೆನ್ನಾಗಿ ಗೊತ್ತಿದ್ದ ಮನುಷ್ಯ ನಮ್ಮೆದುರಿಗೇ ಕೌಂಟರಿನಲ್ಲಿ ಕುಳಿತಿದ್ದ, ಆದರೆ ಅವನು ಬಾಯಿ ಬಿಡಲಿಲ್ಲ.

ಜೆಕ್ ಗಣರಾಜ್ಯ 2004ರಲ್ಲಿಯೇ ಐರೋಪ್ಯ ಒಕ್ಕೂಟವನ್ನು ಸೇರಿದೆ, ನಮ್ಮ ಷೆಂಗೆನ್ ವೀಸಾ ಅಲ್ಲಿ ನಡೆಯುತ್ತದೆ, ಆದರೆ ಚಲಾವಣೆಯಲ್ಲಿರುವ ಹಣ ಮಾತ್ರ ಯೂರೋ ಅಲ್ಲ, ಕೊರುನಾ. ನಾವು ಬೆಂಗಳೂರಿನಲ್ಲಿ ಯೂರೋ ನೋಟುಗಳನ್ನು ಕೊಂಡುಕೊಂಡು ಹೋಗಿದ್ದೆವು. ಊರು ತಲುಪಿದ ಮೊದಲ ದಿನವೇ ಹಳೆಯ ಪಟ್ಟಣದ ಚೌಕಕ್ಕೆ ನಡೆದು, 1410ರಷ್ಟು ಹಳೆಯದಾದ ಆ ಖಗೋಳ ಗಡಿಯಾರ ಗಂಟೆ ಹೊಡೆಯುವುದನ್ನು ಎಲ್ಲರ ಜೊತೆ ನಿಂತು ನೋಡಿ, ಅಲ್ಲಿಂದ ಚಾರ್ಲ್ಸ್ ಸೇತುವೆಯ ಕಡೆಗೆ ಹೊರಟೆವು. ಪ್ರವಾಸಿಗಳೆಲ್ಲರೂ ನಡೆಯುವ ದಾರಿ ಅದು, ಆದ್ದರಿಂದಲೇ ಅಲ್ಲಿ ಹೆಜ್ಜೆಗೊಂದು ವಿನಿಮಯದ ಅಂಗಡಿ. ಒಂದರ ಮುಂದೆ ಕಮಿಷನ್ ಶೂನ್ಯ ಎಂದು ದೊಡ್ಡದಾಗಿ ಬರೆದಿತ್ತು. ಪಕ್ಕದಲ್ಲಿ ಯೂರೋ ಬಾವುಟದ ಎದುರು 25ರ ಆಸುಪಾಸಿನ ಅಂಕಿ ಇತ್ತು. ಒಂದು ಯೂರೋಗೆ ಸುಮಾರು 25 ಕೊರುನಾ ಎಂದು ನಾವು ಮೊದಲೇ ನೋಡಿಕೊಂಡಿದ್ದೆವು, ಹಾಗಾಗಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ನನ್ನ ಪತಿ 300 ಯೂರೋ ಕೊಟ್ಟರು. ಕೌಂಟರಿನಲ್ಲಿದ್ದವನು ಸರಸರನೆ ನೋಟು ಎಣಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಹಿಂದಿನವರನ್ನು ಮುಂದಕ್ಕೆ ಕರೆದ.

ಹೊರಗೆ ಬಂದು ಎಣಿಸಿದರೆ 5,100 ಕೊರುನಾ. ಬರಬೇಕಾಗಿದ್ದದ್ದು 7,500ರ ಹತ್ತಿರ. ಲೆಕ್ಕ ತಪ್ಪಾಗಿರಬೇಕು ಎಂದು ನಾನು ಮತ್ತೊಮ್ಮೆ ಎಣಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ರಸೀದಿಯಲ್ಲಿ ಒಂದು ಯೂರೋಗೆ 17 ಕೊರುನಾ ಎಂದು ಅಚ್ಚಾಗಿತ್ತು. ಹೊರಗೆ ದೊಡ್ಡದಾಗಿ ಕಾಣುವಂತೆ ಹಾಕಿದ್ದದ್ದು ಅವರು ಯೂರೋ ಮಾರುವ ದರ. ನಮ್ಮಿಂದ ಕೊಳ್ಳುವ ದರವನ್ನು ಒಳಗಿನ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಇಟ್ಟಿದ್ದರು. ಹಾಡಹಗಲಲ್ಲಿ, ರಸೀದಿ ಕೊಟ್ಟು, ನಮ್ಮ ಹಣದ ಹೆಚ್ಚುಕಡಿಮೆ ಮೂರನೆಯ ಒಂದು ಭಾಗವನ್ನು ಕಿತ್ತುಕೊಂಡಿದ್ದರು!

ನಾವು ತಕ್ಷಣವೇ ಹಿಂದಿರುಗಿದೆವು. ತಕ್ಷಣವೇ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ಈ ದರ ನಮಗೆ ಬೇಡ, ನಿಮ್ಮ ಕೊರುನಾ ತೆಗೆದುಕೊಂಡು ನಮ್ಮ ಯೂರೋ ಕೊಡಿ ಎಂದು ನನ್ನ ಪತಿ ಬಹಳ ಸೌಜನ್ಯದಿಂದಲೇ ಕೇಳಿದರು. ಅವನು ತಲೆ ಎತ್ತದೆ, "ದರ ಪಟ್ಟಿಯಲ್ಲಿದೆ. ನೀವು ಸಹಿ ಮಾಡಿದ್ದೀರಿ. ಮುಗಿಯಿತು" ಎಂದ. ವಾಪಸು ಪಡೆಯಲು ಬೇರೆ ದಾರಿ ಇಲ್ಲವೇ ಎಂದು ನಾನು ಕೇಳಿದೆ. "ಇಲ್ಲ" ಎಂದ. ಮೇಲಿನವರನ್ನು ಕರೆಯಿರಿ ಎಂದೆ. "ಇಲ್ಲಿ ಯಾರೂ ಇಲ್ಲ, ಜನ ಕಾಯುತ್ತಿದ್ದಾರೆ" ಎಂದ. ಸಾಲಿನಲ್ಲಿದ್ದವರು ನಮ್ಮನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಮುಖ ಕೆಂಪೇರಿ, ಇಬ್ಬರೂ ಮಾತಿಲ್ಲದೆ ಹೊರಗೆ ಬಂದೆವು. ಆ ಸಂಜೆ ಚಾರ್ಲ್ಸ್ ಸೇತುವೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದರೂ ನನ್ನ ತಲೆಯಲ್ಲಿ ಇದ್ದದ್ದು ಆ 2,400 ಕೊರುನಾ ಮಾತ್ರ.

ರಾತ್ರಿ ನಾವು ಇಳಿದುಕೊಂಡಿದ್ದ ಹೋಟೆಲಿನ ಸ್ವಾಗತ ಮೇಜಿನಲ್ಲಿದ್ದ ಹುಡುಗಿ ರಸೀದಿಯನ್ನು ನೋಡಿ, ಮೂರು ಗಂಟೆಯ ಕಾನೂನಿನ ಬಗ್ಗೆ ಹೇಳಿದಳು. ಅಷ್ಟು ಹೊತ್ತಿಗೆ ಗಂಟೆಗಳು ಉರುಳಿದ್ದವು. ಆದರೂ ಮರುದಿನ ಅಂಗಡಿ ತೆರೆಯುತ್ತಲೇ ಹೋದೆವು. ಅದೇ ಮನುಷ್ಯ ಕುಳಿತಿದ್ದ. ಕಾನೂನಿನ ಮಾತೆತ್ತಿದ ಕೂಡಲೇ ಅವನು ರಸೀದಿಯಲ್ಲಿ ಅಚ್ಚಾಗಿದ್ದ ಸಮಯದ ಮೇಲೆ ಬೆರಳಿಟ್ಟು, "ಮೂರು ಗಂಟೆಯೊಳಗೆ ಬರಬೇಕಿತ್ತು" ಎಂದ. ಹಿಂದಿನ ದಿನ ಇಲ್ಲ ಎಂದಿದ್ದ ಅದೇ ಬಾಯಿ! ನಾವು ಕೆಲವೇ ನಿಮಿಷಗಳಲ್ಲಿ ಬಂದಿದ್ದೆವಲ್ಲ, ನೀವೇ ಅಲ್ಲವೇ ಇಲ್ಲ ಎಂದದ್ದು ಎಂದು ನನ್ನ ಪತಿ ಧ್ವನಿ ಏರಿಸಿ ಕೇಳಿದರೆ, "ನೀವು ರದ್ದು ಎಂಬ ಮಾತನ್ನು ಹೇಳಲಿಲ್ಲ, ಹಣ ವಾಪಸು ಕೊಡಿ ಎಂದಿರಿ" ಎಂದು ಉತ್ತರಿಸಿದ. ಹಣ ಕಳೆದುಕೊಂಡದ್ದಕ್ಕಿಂತ ನನ್ನನ್ನು ಹೆಚ್ಚು ಸುಟ್ಟದ್ದು ಈ ಉತ್ತರ. ಗಿರಾಕಿಯ ಹಕ್ಕು ಏನೆಂಬುದು ಅವನಿಗೆ ನಿಮಿಷದ ಲೆಕ್ಕದವರೆಗೆ ಗೊತ್ತಿತ್ತು. ಗೊತ್ತಿದ್ದೇ ನಮ್ಮನ್ನು ಹೊರಗೆ ಕಳಿಸಿ, ಗಂಟೆ ಕಳೆಯಲು ಬಿಟ್ಟ.

ಇಂಥ ಅಂಗಡಿಗಳ ಮೇಲ್ವಿಚಾರಣೆ ಜೆಕ್ ರಾಷ್ಟ್ರೀಯ ಬ್ಯಾಂಕಿನದು. ರಸೀದಿಯ ಪ್ರತಿ, ದರ ಪಟ್ಟಿಯ ಚಿತ್ರ, ನಡೆದ ಮಾತುಕತೆ, ಎಲ್ಲವನ್ನೂ ಬರೆದು ಅಲ್ಲಿಗೆ ದೂರು ಕಳಿಸಿದ್ದೇವೆ. ಕೆಲಸದ ದಿನಗಳಲ್ಲಿ ಅಂದಂದಿನ ದರವನ್ನು ಆ ಬ್ಯಾಂಕೇ ಪ್ರಕಟಿಸುತ್ತದೆ. ಅದನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು, "300 ಯೂರೋ ಕೊಟ್ಟರೆ ನನ್ನ ಕೈಗೆ ಎಷ್ಟು ಕೊರುನಾ ಬರುತ್ತದೆ, ಬರೆದು ತೋರಿಸಿ" ಎಂದು ನೋಟು ಕೊಡುವ ಮೊದಲೇ ಕೇಳಿ. ತೋರಿಸದಿದ್ದರೆ ಹೊರಟುಬಿಡಿ. ನನ್ನನ್ನು ಕೇಳಿದರೆ, ಆ ಚೌಕದ ಸುತ್ತ ಯಾವ ಕೌಂಟರಿನ ಮುಂದೆಯೂ ನಿಲ್ಲಬೇಡಿ. ಪ್ರಾಗ್‌ನಲ್ಲಿ ಟ್ರಾಮಿನ ಟಿಕೆಟನ್ನೂ ಕಾರ್ಡಿನಿಂದಲೇ ಕೊಳ್ಳಬಹುದು. ನಗದು ಬೇಕೇ ಬೇಕಾದರೆ ಬ್ಯಾಂಕಿನದೇ ಎಟಿಎಂ ಹುಡುಕಿ, ರೂಪಾಯಿಯಲ್ಲಿ ಲೆಕ್ಕ ಹಾಕಲೇ ಎಂದು ಯಂತ್ರ ಕೇಳಿದಾಗ ಬೇಡವೆಂದು ಒತ್ತಿ, ಕೊರುನಾದಲ್ಲಿಯೇ ತೆಗೆಯಿರಿ. ಇಷ್ಟಾದರೂ ಮೋಸವಾದರೆ ಜಗಳಕ್ಕೆ ನಿಲ್ಲದೆ, ರಸೀದಿಯ ಸಮಯ ನೋಡಿ, ಮೂರು ಗಂಟೆಯೊಳಗೆ ಅದೇ ಕೌಂಟರಿಗೆ ಹೋಗಿ, "ಈ ವಿನಿಮಯವನ್ನು ಕಾನೂನಿನಂತೆ ರದ್ದು ಮಾಡುತ್ತಿದ್ದೇನೆ" ಎಂದು ಇದೇ ಮಾತಿನಲ್ಲಿ ಹೇಳಿ, ಬರೆದೂ ಕೊಡಿ. ಒಪ್ಪದಿದ್ದರೆ ಅಲ್ಲೇ ನಿಂತು ಪೊಲೀಸರನ್ನು ಕರೆಯಿರಿ. ನಮ್ಮ ಹಾಗೆ ಸಾಲಿನಲ್ಲಿರುವವರ ಮುಖ ನೋಡಿ ಹೊರಗೆ ಬರಬೇಡಿ.