ಸರ್ಕಾರಿ ನಾಟಾ ಡಿಪೋದ ತೇಗ: ಕೊಂಡು, ಕೊಯ್ಸಿ ನೋಡಿದ ಮೇಲೆ

ಧಾರವಾಡದಲ್ಲಿ ಕಟ್ಟಿಸಿದ ಮನೆಯ ಬಾಗಿಲು, ಚೌಕಟ್ಟು, ಕಿಟಕಿಗಳಿಗಾಗಿ ಉತ್ತರ ಕನ್ನಡ ಜಿಲ್ಲೆಯ ಒಂದು ಸರ್ಕಾರಿ ನಾಟಾ ಡಿಪೋದಿಂದ ಇ-ಹರಾಜಿನಲ್ಲಿ ಒಂದು ಸಣ್ಣ ಲಾಟು ತೇಗ ಕೊಂಡಿದ್ದೆ. ಅದನ್ನು ಕೊಯ್ಸಿ, ಒಣಗಿಸಿ, ಚೌಕಟ್ಟು ಕೂರಿಸಿ, ಒಂದು ಪೂರ್ತಿ ಮಳೆಗಾಲ ಅದರ ಮೇಲೆ ಹಾದುಹೋದ ನಂತರ ಈ ವಿಮರ್ಶೆ ಬರೆಯುತ್ತಿದ್ದೇನೆ. ಡಿಪೋದ ಹೆಸರು ಬರೆಯುವುದಿಲ್ಲ. ನಾನು ಎತ್ತುವ ಆಕ್ಷೇಪಗಳಲ್ಲಿ ಹೆಚ್ಚಿನವು ಅಲ್ಲಿ ಬಿಸಿಲಲ್ಲಿ ನಿಂತು ದಿಮ್ಮಿ ಅಳೆಯುವವರಿಗೆ ಸೇರಿದವಲ್ಲ, ಯಾವ ಮರ ಡಿಪೋಗೆ ಬರಬೇಕು, ಯಾವುದು ಕಾಡಿನಲ್ಲೇ ಉಳಿಯಬೇಕು ಎಂದು ತೀರ್ಮಾನಿಸುವ ವ್ಯವಸ್ಥೆಗೆ ಸೇರಿದವು.

ಹುಬ್ಬಳ್ಳಿ-ಧಾರವಾಡದ ಮರದ ಅಡ್ಡೆಗಳಲ್ಲಿ ತೇಗಕ್ಕೆ ಬರವಿಲ್ಲ. ಆಫ್ರಿಕಾದಿಂದ, ದಕ್ಷಿಣ ಅಮೆರಿಕದಿಂದ ಬಂದ ದಿಮ್ಮಿಗಳೂ ಅಲ್ಲಿ ಸಿಗುತ್ತವೆ, ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಹಲಗೆ ತರಬಹುದು. ಆದರೆ ಆ ಮರ ಯಾವ ಕಾಡಿನದು, ಯಾರ ಅಪ್ಪಣೆಯಿಂದ ಉರುಳಿತು ಎಂದು ಕೇಳಿದರೆ ಅಂಗಡಿಯವರು ಚಹಾ ತರಿಸುತ್ತಾರೆಯೇ ಹೊರತು ಉತ್ತರ ಕೊಡುವುದಿಲ್ಲ. ಸರ್ಕಾರಿ ಡಿಪೋದಲ್ಲಿ ಪ್ರತಿ ದಿಮ್ಮಿಯ ತಲೆಯ ಮೇಲೆ ಇಲಾಖೆಯ ಸುತ್ತಿಗೆ ಮುದ್ರೆ ಇರುತ್ತದೆ, ಸಂಖ್ಯೆ ಇರುತ್ತದೆ, ಸಾಗಿಸಲು ರಹದಾರಿ ಕೊಡುತ್ತಾರೆ. ನನ್ನನ್ನು ಅಷ್ಟು ದೂರ ಎಳೆದದ್ದು ಬೆಲೆಗಿಂತ ಹೆಚ್ಚಾಗಿ ಈ ಲೆಕ್ಕ.

ಈ ಡಿಪೋಗಳಲ್ಲಿ ಈಗ ಏನು ಸಿಗುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾಟಾ ಸಾಗಿಸಲೆಂದೇ ಅಳ್ನಾವರದಿಂದ ದಾಂಡೇಲಿಗೆ ರೈಲುದಾರಿ ಹಾಕಿದ ಸೀಮೆ ಇದು. ಮತ್ತಿ, ನಂದಿ, ಹೊನ್ನೆ, ಬೀಟೆ, ಜಂಬೆಗಳು ಒಂದು ಕಾಲಕ್ಕೆ ಇಲ್ಲಿಂದ ಸಾಲುಸಾಲಾಗಿ ಹೊರಟವು, ಬಿದಿರು 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಗೆ ಹೋಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಪರಿಸರದ ಸಮತೋಲನವೇ ಮೊದಲು, ಆದಾಯ ಅದರ ನಂತರ ಎಂದು ಹೇಳಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಯಾವ ಕಾಡಿನಲ್ಲೂ ಮರ ಕಡಿಯಕೂಡದು ಎಂದು ಆದೇಶಿಸಿತು. ಸ್ವಾಭಾವಿಕ ಕಾಡಿನ ಹಸಿಮರಕ್ಕೆ ಕೊಡಲಿ ಹಾಕುವುದು ನಿಂತು ದಶಕಗಳಾಗಿವೆ. ಹೀಗಾಗಿ ಇಂದು ಡಿಪೋದಲ್ಲಿ ಕಾಣುವುದು ಮುಖ್ಯವಾಗಿ ಎರಡು ಬಗೆಯ ಮಾಲು: ಇಲಾಖೆಯೇ ಹಿಂದೆ ನೆಟ್ಟ ತೇಗದ ನೆಡುತೋಪುಗಳನ್ನು ಸವರಿದಾಗ, ಅಂದರೆ ಉಳಿದವಕ್ಕೆ ಜಾಗವಾಗಲೆಂದು ನಡುನಡುವಿನ ಮರಗಳನ್ನು ಆರಿಸಿ ಕಡಿದಾಗ, ಬಂದದ್ದು ಒಂದು, ಗಾಳಿಗೆ ಬಿದ್ದ ಮತ್ತು ಒಣಗಿ ನಿಂತ ಮರಗಳಿಂದ ಬಂದದ್ದು ಇನ್ನೊಂದು. ಈ ಎರಡನ್ನೂ ಒಂದೇ ಅಂಗಳದಲ್ಲಿ ಪೇರಿಸಿಟ್ಟು ಒಂದೇ ಪಟ್ಟಿಯಲ್ಲಿ ಮಾರುತ್ತಾರೆ. ನನ್ನ ಮೆಚ್ಚುಗೆಯೆಲ್ಲ ಮೊದಲನೆಯದಕ್ಕೆ, ತಕರಾರೆಲ್ಲ ಎರಡನೆಯದರ ಬಗ್ಗೆ.

ಲಾಟು ನೋಡುವ ದಿನ ನಮ್ಮ ಬಡಿಗೇರರನ್ನು ಜೊತೆಗೆ ಕರೆದುಕೊಂಡು ಹೋದದ್ದು ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಜಾಲತಾಣದ ಪಟ್ಟಿಯಲ್ಲಿ ಲಾಟಿನ ಸಂಖ್ಯೆ, ಜಾತಿ, ದಿಮ್ಮಿಗಳ ಎಣಿಕೆ, ಒಟ್ಟು ಘನ ಮೀಟರ್ ಇಷ್ಟೇ ಇರುತ್ತದೆ. ದಿಮ್ಮಿಯ ಗುಣ ಅಲ್ಲಿ ತಿಳಿಯುವುದಿಲ್ಲ. ಬಡಿಗೇರರು ಒಂದೊಂದು ದಿಮ್ಮಿಯ ತಲೆಗೂ ಕೊಡಲಿಯ ಹಿಂಬದಿಯಿಂದ ಒಂದು ಪೆಟ್ಟು ಕೊಟ್ಟು ಕಿವಿಗೊಟ್ಟರು, ಉಗುರಿನಿಂದ ಕೆರೆದು ಮೂಸಿದರು, ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಎಷ್ಟಿದೆ, ಸುತ್ತಲಿನ ಬಿಳಿ ಭಾಗ ಎಷ್ಟಿದೆ ಎಂದು ಗೇಣಿನಲ್ಲಿ ಅಳೆದರು. ನಾನು ದಪ್ಪಕ್ಕೆ ಮರುಳಾಗಿ ತೋರಿಸಿದ ಒಂದು ಲಾಟಿನ ಎದುರು ಅವರು ಎರಡೇ ಪೆಟ್ಟು ಕೊಟ್ಟು, “ಇದನ್ನ ಬಿಡ್ರಿ ಸರ, ಡೊಳ್ಳಿನಂಗ ಕೇಳಸ್ತೈತಿ, ಒಳಗ ಪೊಳ್ಳೈತಿ” ಎಂದು ಮುಂದೆ ನಡೆದರು. ಆಯ್ದುಕೊಂಡ ಲಾಟಿನಲ್ಲಿ ದಿಮ್ಮಿಗಳು ಅಷ್ಟೇನೂ ದಪ್ಪವಿರಲಿಲ್ಲ, ಆದರೆ ನೆಟ್ಟಗಿದ್ದವು, ಗಂಟುಗಳು ಕಡಿಮೆ ಇದ್ದವು.

ಅಳತೆಯ ವಿಚಾರದಲ್ಲಿ ಮೊದಲ ಬಾರಿ ಕೊಳ್ಳುವವರು ಗೊಂದಲಕ್ಕೆ ಬೀಳುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಪೋದ ಲೆಕ್ಕ ಸುತ್ತಳತೆಯ ಕಾಲು ಭಾಗದ ಲೆಕ್ಕ. ಮೂರು ಮೀಟರ್ ಉದ್ದ, 120 ಸೆಂ.ಮೀ. ಸುತ್ತಳತೆಯ ದಿಮ್ಮಿ ಎಂದಿಟ್ಟುಕೊಳ್ಳಿ. ಸುತ್ತಳತೆಯ ಕಾಲು ಭಾಗ 30 ಸೆಂ.ಮೀ., ಅದನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸಿದರೆ 0.27 ಘನ ಮೀಟರ್, ಬಡಿಗೇರರ ಭಾಷೆಯಲ್ಲಿ ಒಂಬತ್ತೂವರೆ ಘನ ಅಡಿ. ದುಂಡಗಿನ ದಿಮ್ಮಿಯ ನಿಜವಾದ ಗಾತ್ರ 0.34 ಘನ ಮೀಟರ್ ದಾಟುತ್ತದೆ. ಅಂದರೆ ನೂರಕ್ಕೆ ಇಪ್ಪತ್ತೊಂದು ಪಾಲನ್ನು ಸಿಪ್ಪೆ, ಅಂಚು, ಗರಗಸದ ಹೊಟ್ಟಿನ ಬಾಬತ್ತಿಗೆ ಬಿಟ್ಟುಕೊಟ್ಟೇ ಲೆಕ್ಕ ಹಾಕಿರುತ್ತಾರೆ. ಇದು ಕೊಳ್ಳುವವನಿಗೆ ನ್ಯಾಯವಾದ ಪದ್ಧತಿ. ನಾವೇ ಟೇಪು ಹಿಡಿದು ಅಳೆದ ಆರು ದಿಮ್ಮಿಗಳಲ್ಲಿ ಐದು ಪಟ್ಟಿಗೆ ಸರಿಯಾಗಿ ಹೊಂದಿದವು. ಒಂದರಲ್ಲಿ ಸುತ್ತಳತೆ ನಾಲ್ಕು ಸೆಂ.ಮೀ. ಹೆಚ್ಚು ಬರೆದಿತ್ತು. ಹೇಳಿದಾಗ ಅಲ್ಲಿದ್ದವರು ಮುಖ ಗಂಟಿಕ್ಕದೆ ಮತ್ತೆ ಅಳೆದು ತಿದ್ದಿದರು.

ಹರಾಜಿನ ನಂತರದ ವ್ಯವಹಾರ ಮಾತ್ರ ತಾಳ್ಮೆ ಕೆಡಿಸುವಂಥದ್ದು. ಮುಂಗಡ ಠೇವಣಿ ಕಟ್ಟುವುದು, ಬಿಡ್ ಮಾಡುವುದು ಎಲ್ಲ ಕೆಲವೇ ನಿಮಿಷಗಳ ಕೆಲಸ. ಆದರೆ ಅತಿ ಹೆಚ್ಚಿನ ಬಿಡ್ ನನ್ನದೇ ಎಂದು ಪರದೆಯ ಮೇಲೆ ಕಂಡ ಮೇಲೂ ಮೇಲಧಿಕಾರಿಯ ಮಂಜೂರಾತಿ ಬರುವವರೆಗೆ ಅದು ನನ್ನದಲ್ಲ. ನನಗೆ ಆ ಮಂಜೂರಾತಿ ಬರಲು ಐದು ವಾರ ಹಿಡಿಯಿತು. ಹಣ ಕಟ್ಟಲು ನನಗೆ ಗಡುವು, ಗಡುವು ಮೀರಿದರೆ ಠೇವಣಿ ಜಪ್ತಿ, ಮಾಲು ಎತ್ತಲು ತಡವಾದರೆ ನೆಲಬಾಡಿಗೆ. ಮಂಜೂರು ಮಾಡುವವರಿಗೆ ಮಾತ್ರ ಯಾವ ಗಡುವೂ ಇದ್ದಂತೆ ಕಾಣಲಿಲ್ಲ. ಬಿಡ್ ಮೊತ್ತದ ಮೇಲೆ ಜಿಎಸ್‌ಟಿ ಮುಂತಾದವು ಸೇರುತ್ತವೆ, ಲಾರಿಗೆ ಹೇರುವ ಹಮಾಲಿ ಬೇರೆ, ಅದಕ್ಕೆ ರಸೀದಿ ಇಲ್ಲ. ಇವೆಲ್ಲ ಕೂಡಿದ ಮೇಲೆ ಅಡ್ಡೆಯ ಬೆಲೆಗೂ ನನ್ನ ಬೆಲೆಗೂ ಇದ್ದ ಅಂತರ ತೀರ ಸಣ್ಣದಾಯಿತು. ಅಗ್ಗಕ್ಕಾಗಿ ಡಿಪೋಗೆ ಹೋಗುವವರು ಹೋಗದಿರುವುದೇ ಒಳ್ಳೆಯದು.

ಇಷ್ಟು ಕಾದರೂ ನನಗೆ ಬೇಸರವಾಗದಿರಲು ಕಾರಣ, ಲಾಟು ನೋಡಿದ ದಿನವೇ ಅಲ್ಲಿನ ಫಾರೆಸ್ಟರ್ ಒಬ್ಬರು ನನ್ನ ಪ್ರಶ್ನೆಗಳಿಂದ ಬೇಸತ್ತೋ ಖುಷಿಯಾಗಿಯೋ, ಆ ತೇಗ ಬಂದ ಕೂಪನ್ನು, ಅಂದರೆ ಮರ ಕಡಿಯಲು ಗುರುತಿಸಿದ ಕಾಡಿನ ತುಂಡನ್ನು, ತೋರಿಸಿದ್ದು. ಅದು ನಲವತ್ತು ವರ್ಷ ದಾಟಿದ ನೆಡುತೋಪು. ಎರಡು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಸಸಿಗಳು ಕೂರುತ್ತವೆ. ಅಷ್ಟೂ ಬೆಳೆದು ದೊಡ್ಡದಾಗಲು ನೆಲದಲ್ಲಿ ಜಾಗವಿಲ್ಲ, ನೆತ್ತಿಯ ಮೇಲೆ ಬೆಳಕಿಲ್ಲ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಸೊರಗಿದ್ದನ್ನು, ಡೊಂಕಾದದ್ದನ್ನು ಆರಿಸಿ ತೆಗೆಯುತ್ತಾರೆ. ನನ್ನ ದಿಮ್ಮಿಗಳು ಹಾಗೆ ತೆಗೆದವು. ಸವರದೆ ಬಿಟ್ಟ ಪಕ್ಕದ ತೋಪಿನೊಳಗೆ ಕಾಲಿಟ್ಟಾಗ ಬೀಡಿ ಸೇದುವವನ ಎದೆಯಂತೆ ಅದು ಇಕ್ಕಟ್ಟಾಗಿ ಕಂಡಿತು: ಕಡ್ಡಿಯಂತೆ ಉದ್ದಕ್ಕೆ ಹೋದ ಮರಗಳು, ನೆಲದ ಮೇಲೆ ಮೊಣಕಾಲವರೆಗೆ ತರಗೆಲೆ, ಅದರಡಿ ಏನೂ ಇಲ್ಲ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಸಾಕು. ಸವರಿದ ತೋಪಿನಲ್ಲಿ ಬೆಳಕು ನೆಲ ಮುಟ್ಟಿತ್ತು. ಹುಲ್ಲು ಎದ್ದಿತ್ತು, ಮುರುಗಲು, ಮತ್ತಿಯ ಸಸಿಗಳು ತಾವಾಗಿಯೇ ಬಂದಿದ್ದವು, ದಾರಿಯಲ್ಲಿ ಕಾಡುಕೋಣದ ಸಗಣಿ ಇನ್ನೂ ಹಸಿಯಾಗಿತ್ತು. ತೇಗದ ನಡುವೆ ನಿಂತಿದ್ದ ಒಂದು ಬಸರಿ ಮರಕ್ಕೆ ಕಡಿಯುವವರು ಕೈ ಹಚ್ಚದಂತೆ ಸುತ್ತಲೂ ಸುಣ್ಣದ ಗೆರೆ ಬಳಿದಿದ್ದರು. ನಾಟಾಕ್ಕೆ ಬೇಕಾದದ್ದೂ ಪ್ರಾಣಿಗಳಿಗೆ ಬೇಕಾದದ್ದೂ ಒಂದೇ ಕೊಡಲಿಯ ಏಟಿನಲ್ಲಿ ಆಗುವುದು ಇಂಥ ಜಾಗದಲ್ಲಿ ಮಾತ್ರ, ಅದೂ ಕೊಡಲಿ ಹಿಡಿದವನಿಗೆ ಎಲ್ಲಿ ನಿಲ್ಲಿಸಬೇಕು ಎಂದು ಯಾರಾದರೂ ಗೆರೆ ಎಳೆದು ತೋರಿಸಿದ್ದರೆ.

ಡಿಪೋಗೆ ಹಿಂತಿರುಗಿದಾಗ ಗೇಟಿನ ಎಡಗಡೆ ಉರುವಲಿನ ರಾಶಿಯಲ್ಲಿ ಒಂದು ಮತ್ತಿಯ ದಿಮ್ಮಿ ಕಂಡಿತು. ಇಬ್ಬರು ತೋಳು ಚಾಚಿದರೂ ತಬ್ಬಲಾಗದಷ್ಟು ದಪ್ಪ, ಒಳಗೆ ಪೂರ್ತಿ ಟೊಳ್ಳು. ಪಕ್ಕದಲ್ಲಿ ಉದ್ದನೆಯ ಪೊಟರೆಯ ಬಾಯಿ, ಅದರ ಅಂಚಿಗೆ ಅಂಗೈ ಅಗಲಕ್ಕೆ ಕಪ್ಪಗೆ, ಗಾರೆಯಂತೆ ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಕೈಯಿಂದ ಉಜ್ಜಿದರೆ ಹಣ್ಣಿನ ಸಣ್ಣ ಬೀಜಗಳು ಉದುರಿದವು. “ಮಂಗಟ್ಟೆ ಗೂಡು ಇದ್ದಿರಬೇಕು” ಎಂದರು ಫಾರೆಸ್ಟರ್, ಸ್ವಲ್ಪ ತಡೆದು. ಮಂಗಟ್ಟೆಯ ಹೆಣ್ಣು ಹಳೆಯ ದೊಡ್ಡ ಮರದ ಪೊಟರೆಯೊಳಗೆ ಕುಳಿತು, ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಯಿ ಮುಚ್ಚಿಕೊಂಡು, ಒಂದು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಮರಿ ದೊಡ್ಡದಾಗುವವರೆಗೆ ಗಂಡು ಆ ಸೀಳಿನಿಂದಲೇ ಹಣ್ಣು ತಂದು ಉಣಿಸುತ್ತದೆ. ಈ ಹಕ್ಕಿಗೆ ತಾನೇ ಮರ ಕೊರೆಯಲು ಬರುವುದಿಲ್ಲ, ವಯಸ್ಸಾಗಿ ಒಳಗೆ ಟೊಳ್ಳಾದ ಮರವೇ ಸಿಗಬೇಕು. ಹಾರುಬೆಕ್ಕು, ಗೂಬೆಗಳಿಗೂ ಅದೇ ಆಸರೆ. ಈ ಮತ್ತಿ ಮಳೆಗಾಳಿಗೆ ರಸ್ತೆಗೆ ಅಡ್ಡ ಬಿದ್ದಿತ್ತಂತೆ, ತೆಗೆಯಲೇಬೇಕಿತ್ತಂತೆ. ಒಪ್ಪುತ್ತೇನೆ. ಆದರೆ ರಸ್ತೆಯಿಂದ ಪಕ್ಕಕ್ಕೆ ಉರುಳಿಸಿ ಬಿಟ್ಟಿದ್ದರೆ ಗೆದ್ದಲು, ಅಣಬೆ, ಹಾವು, ಹಲ್ಲಿ, ಮುಂಗುಸಿ ಎಲ್ಲಕ್ಕೂ ಹತ್ತಿಪ್ಪತ್ತು ವರ್ಷ ಅದು ಮನೆಯಾಗುತ್ತಿತ್ತು. ಲಾರಿ ಬಾಡಿಗೆ ಕೊಟ್ಟು ತಂದು ಇಲ್ಲಿ ಉರುವಲಿನ ದರಕ್ಕೆ ಮಾರುತ್ತಿದ್ದಾರೆ. ನನ್ನ ಒಂದು ತೇಗದ ದಿಮ್ಮಿಯ ಬೆಲೆಗೆ ಆ ಇಡೀ ರಾಶಿ ಬರುತ್ತಿತ್ತು.

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗೆ ಹೀಗೆ ಮಾಡುವಂತಿಲ್ಲ. 2000ದ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಅಲ್ಲಿಂದ ಒಣಗಿದ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳನ್ನು ಸಹ ತೆಗೆಯಕೂಡದು ಎಂದಿತು. ದಾಂಡೇಲಿ-ಅಣಶಿ ಪ್ರದೇಶ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಅದರ ಗಡಿಯೊಳಗೆ ಬಿದ್ದ ಮತ್ತಿ ಬಿದ್ದಲ್ಲೇ ಮಣ್ಣಾಗುತ್ತದೆ, ಗಡಿಯ ಈಚೆ ಬಿದ್ದದ್ದು ಡಿಪೋ ಸೇರುತ್ತದೆ. ಮಂಗಟ್ಟೆಗೆ ಈ ಗಡಿ ಎಲ್ಲಿಂದ ತಿಳಿಯಬೇಕು? ದಾಂಡೇಲಿಯಲ್ಲಿ ಮಂಗಟ್ಟೆಯ ಹೆಸರಿನಲ್ಲಿ ಹಬ್ಬವನ್ನೇ ಆಚರಿಸಿದ ಇಲಾಖೆ ಇದು. ಟೊಳ್ಳು ಮರಗಳನ್ನು ಪಟ್ಟಿಯಿಂದ ಕೈಬಿಡಲು ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಕಾರ್ಯಯೋಜನೆಯಲ್ಲಿ ಒಂದು ಸಾಲು ಸಾಕು. ಹಾಗೆಯೇ ವಿರುದ್ಧ ದಿಕ್ಕಿನ ಮಾತೊಂದನ್ನೂ ಹೇಳಬೇಕು. ಅಭಯಾರಣ್ಯದ ಒಳಗೆ ಸಿಕ್ಕಿಬಿದ್ದ ಹಳೆಯ ತೇಗದ ತೋಪುಗಳನ್ನು ವ್ಯಾಪಾರಕ್ಕಾಗಿ ಸವರುವಂತಿಲ್ಲವಾದ್ದರಿಂದ, ನಾನು ಕಂಡ ಆ ಇಕ್ಕಟ್ಟಿನ ತೋಪಿನ ಸ್ಥಿತಿಯಲ್ಲೇ ಅವು ನಿಂತಿರುವ ಸಾಧ್ಯತೆ ಇದೆ. ಪೊಟರೆಯ ಮರಕ್ಕೆ ರಕ್ಷಣೆ ಕೊಟ್ಟ ನಿಯಮವೇ ಸಾಲುನೆಟ್ಟ ತೇಗಕ್ಕೂ ರಕ್ಷಣೆ ಕೊಟ್ಟು ಕೂತಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನಗೆ ಸರಿ ಕಾಣುವುದಿಲ್ಲ.

ಇನ್ನು ಮಾಲಿನ ಗುಣ. ಸಾಮಿಲ್ಲಿನಲ್ಲಿ ಕೊಯ್ಸಿದಾಗ ಒಂದು ದಿಮ್ಮಿಯ ನಡುವೆ ಹೊರಗೆ ಕಾಣದ ಸೀಳು ಸಿಕ್ಕಿತು, ಅದರಲ್ಲಿ ಚೌಕಟ್ಟು ಆಗಲಿಲ್ಲ, ಕಿಟಕಿಯ ಪಟ್ಟಿಗಳಾದವು. ಉಳಿದವುಗಳಲ್ಲಿ ಚೇಗು ನಿರೀಕ್ಷೆಗಿಂತ ಚೆನ್ನಾಗಿತ್ತು. ಸವರಿದ ತೋಪಿನ ತೇಗದಲ್ಲಿ ಬಿಳಿ ಭಾಗ ಹೆಚ್ಚು ಎಂಬ ಮಾತು ನಿಜ, ಅದನ್ನು ಕೊಯ್ದು ಹಾಕಲೇಬೇಕು, ಇಲ್ಲದಿದ್ದರೆ ಹುಳ ಹಿಡಿಯುತ್ತದೆ. ಹಲಗೆಗಳ ನಡುವೆ ರೀಪು ಇಟ್ಟು ನೆರಳಿನಲ್ಲಿ ನಾಲ್ಕು ತಿಂಗಳು ಒಣಗಿಸಿದೆವು. ಮಳೆಗಾಲದಲ್ಲಿ ಬಾಗಿಲುಗಳು ಉಬ್ಬಲಿಲ್ಲ, ಹಿತ್ತಲ ಬಾಗಿಲೊಂದು ಮಾತ್ರ ಸ್ವಲ್ಪ ಬಿಗಿಯಾಗಿ, ಆಶ್ವಿಜದ ಬಿಸಿಲಿಗೆ ಮತ್ತೆ ಸಡಿಲಾಯಿತು.

ಐದರಲ್ಲಿ ಅಂಕ ಕೊಡುವುದಾದರೆ ಮಾಲಿಗೆ ನಾಲ್ಕು, ಅಳತೆಗೆ ನಾಲ್ಕೂವರೆ, ಕಾಗದಪತ್ರದ ವೇಗಕ್ಕೆ ಒಂದೂವರೆ. ಕೊಳ್ಳಲು ಹೋಗುವವರು ಬಡಿಗೇರರಿಲ್ಲದೆ ಹೋಗಬೇಡಿ, ಮನೆಕೆಲಸ ಆರಂಭವಾಗುವ ಆರು ತಿಂಗಳ ಮೊದಲೇ ಹೋಗಿ. ಲಾಟು ನೋಡುವಾಗ ಮಾಲು ಯಾವ ಕೂಪಿನದು, ಸವರಿದ್ದೋ ಬಿದ್ದದ್ದೋ ಎಂದು ಕೇಳಿ. ಪಟ್ಟಿಯಲ್ಲಿ ಬರೆದಿರುವುದಿಲ್ಲ, ಆದರೆ ಅಂಗಳದಲ್ಲಿ ಇರುವವರಿಗೆ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ. ಉಂಗುರಗಳನ್ನೂ ನೋಡಿ. ನಮ್ಮ ಹೊಸ್ತಿಲಿಗೆ ಕೊಯ್ದ ತುಂಡಿನ ತಲೆಯಲ್ಲಿ ಬಡಿಗೇರರು 42 ಎಣಿಸಿದರು. ನಡುವಿನಿಂದ ಹನ್ನೊಂದರವರೆಗೆ ಅಗಲ, ಅಲ್ಲಿಂದ ಇಪ್ಪತ್ತೊಂದರವರೆಗೆ ಉಗುರಿನ ಅಂಚಿನಷ್ಟು ಸಣ್ಣ, ಆಮೇಲೆ ಒಮ್ಮೆಲೇ ಮತ್ತೆ ಅಗಲ. ಆ ವರ್ಷ ಪಕ್ಕದ ಮರಗಳನ್ನು ತೆಗೆದಿರಬೇಕು. ಪೆನ್ಸಿಲಿನಿಂದ ಅಲ್ಲೊಂದು ಗುರುತು ಹಾಕಿ, ಆ ಕಡೆಯನ್ನು ಗೋಡೆಯೊಳಕ್ಕೆ ಮಾಡಿ ಹೊಸ್ತಿಲು ಕೂರಿಸಿದರು.