ಹಂಪನಕಟ್ಟೆಯ ಭಾನುವಾರದ ವಿದೇಶಾಂಗ ನೀತಿ ತರಗತಿ: ಸೇರಬಹುದೇ?

ಮಂಗಳೂರಿನ ಹಂಪನಕಟ್ಟೆ ಸಮೀಪದ ತರಬೇತಿ ಕೇಂದ್ರವೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗಾಗಿ ಭಾನುವಾರಗಳಂದು ನಡೆಯುವ ವಿದೇಶಾಂಗ ನೀತಿಯ ತರಗತಿಗೆ ಎಂಟು ವಾರ ಹೋಗಿದ್ದೆ. ಕೊಟ್ಟ ಶುಲ್ಕಕ್ಕೆ ಮೋಸವಿಲ್ಲ.

ಮೊದಲ ದಿನ ಅಧ್ಯಾಪಕರು ಹಲಗೆಯ ಮೇಲೆ 351 ಎಂದಷ್ಟೇ ಬರೆದು ನಮ್ಮತ್ತ ತಿರುಗಿದರು. ಪುತ್ತೂರು, ಬೆಳ್ತಂಗಡಿ ಕಡೆಯ ಹುಡುಗರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಇದಕ್ಕಿಂತ ಅಗ್ಗವಾಗಿ ಹೊರದೇಶದಿಂದ ತರಿಸುವಂತಿಲ್ಲ) ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ ಏರಿಸಿದ್ದು ಅಲ್ಲಿಗೇ. ಬೆಳೆಗಾರರ ಒತ್ತಡ ದಿಲ್ಲಿಯ ವ್ಯಾಪಾರ ನೀತಿಯನ್ನು ತಿದ್ದುವ ಬಗೆಯನ್ನು ಅಲ್ಲಿಂದ ಬಿಡಿಸಿ ಹೇಳಿದ ಅವರು, ಅದರ ಹಿಂದಿನ ವರ್ಷ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಿಸಲು ಅನುಮತಿ ಸಿಕ್ಕಿದ್ದನ್ನೂ ಮುಚ್ಚಿಡಲಿಲ್ಲ. ಅಂಗಳದಲ್ಲಿ ಚಾಲಿ ಅಡಿಕೆ ಒಣಗಿಸುವ ಮನೆಯಿಂದ ಬಂದ ನನಗೆ ಆ ಪಾಠ ನೇರವಾಗಿ ತಟ್ಟಿತು.

ಭಾರತದಿಂದ ಬಾಂಗ್ಲಾದೇಶಕ್ಕೆ ಹರಿಯುವ ತೀಸ್ತಾ ನದಿಯ ಪಾಠ ಇನ್ನೂ ಚೆನ್ನಾಗಿತ್ತು. ವಿದೇಶದೊಂದಿಗಿನ ಒಪ್ಪಂದ ಸಂವಿಧಾನದ ಪ್ರಕಾರ ಕೇಂದ್ರದ ಅಧಿಕಾರ; ಆದರೂ 2011ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಜತೆಗೆ ಹೋಗಲು ನಿರಾಕರಿಸಿದ್ದರಿಂದ, ನೀರು ಹಂಚಿಕೆಯ ಒಪ್ಪಂದಕ್ಕೆ ಸಹಿ ಬೀಳಲಿಲ್ಲ. ಮಮತಾ ಅವರ ಪಕ್ಷ ಆಗ ಕೇಂದ್ರದ ಮೈತ್ರಿಕೂಟದಲ್ಲಿತ್ತು. ನದಿಯ ನಕ್ಷೆಯನ್ನೂ ಲೋಕಸಭೆಯ ಪಕ್ಷಬಲದ ಪಟ್ಟಿಯನ್ನೂ ಅಕ್ಕಪಕ್ಕ ಅಂಟಿಸಿ ಅಧ್ಯಾಪಕರು ವಿವರಿಸಿದ ಆ ಒಂದು ಗಂಟೆಯಲ್ಲಿ, ನಾನು ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದ ಮೈತ್ರಿ ರಾಜಕಾರಣದ ಅರ್ಥ ತಿಳಿಯಿತು. ಅಮೆರಿಕದ ಜತೆಗಿನ ಪರಮಾಣು ಒಪ್ಪಂದದ ಕಾರಣಕ್ಕೆ ಎಡಪಕ್ಷಗಳು 2008ರಲ್ಲಿ ಕೇಂದ್ರ ಸರ್ಕಾರಕ್ಕಿದ್ದ ಬೆಂಬಲ ಹಿಂತೆಗೆದುಕೊಂಡದ್ದು, ಶ್ರೀಲಂಕಾದ ತಮಿಳರ ವಿಚಾರದಲ್ಲಿ ಡಿಎಂಕೆ 2013ರಲ್ಲಿ ಮೈತ್ರಿಕೂಟ ತೊರೆದದ್ದು ಕೂಡ ಅದೇ ಎಳೆಯಲ್ಲಿ ಬಂದವು.

ಕೊರತೆಗಳನ್ನೂ ಹೇಳಬೇಕು. ಒಪ್ಪಂದಗಳಿಗೆ ಸೆನೆಟ್‌ನ ಮೂರನೇ ಎರಡರಷ್ಟು ಬೆಂಬಲ ಬೇಕಾಗುವ ಅಮೆರಿಕದ ಪದ್ಧತಿಯನ್ನು ಅರ್ಧ ಗಂಟೆಯಲ್ಲಿ ಮುಗಿಸಿದ್ದು ಸರಿಯಲ್ಲ. ಒಂದು ಭಾನುವಾರ ಮೊದಲೇ ತಿಳಿಸದೆ ತರಗತಿ ರದ್ದು ಮಾಡಿದ್ದರಿಂದ ದೂರದೂರಿನಿಂದ ಮುಂಜಾನೆಯ ಬಸ್ಸಿಗೆ ಬಂದವರು ಬಾಗಿಲ ಬಳಿಯಿಂದಲೇ ಮರಳಬೇಕಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಪಾಠ ಇಷ್ಟು ಸೊಗಸಾದ ಕನ್ನಡದಲ್ಲಿ ನಡೆಯುವಾಗ ಕೈಗೆ ಕೊಡುವ ಟಿಪ್ಪಣಿ ಮಾತ್ರ ಇಂಗ್ಲಿಷಿನಲ್ಲಿರುವುದು, ಕನ್ನಡದಲ್ಲೇ ಪರೀಕ್ಷೆ ಬರೆಯುವ ನಮ್ಮಂಥವರಿಗೆ ದೊಡ್ಡ ತೊಡಕು. ಅದನ್ನು ಕನ್ನಡದಲ್ಲಿ ಕೊಟ್ಟರೆ ಮುಂದಿನ ತಂಡಕ್ಕೆ ನನ್ನ ತಮ್ಮನನ್ನೂ ಸೇರಿಸುತ್ತೇನೆ.